ಕೆಟ್ಟದಾಗಿ ಬಸ್ಸು ಓಡಿಸುವ ಒಳ್ಳೆಯ ಡ್ರೈವರ್

ಸೂರ್ಯ ಇನ್ನೂ ಹುಟ್ಟಿಲ್ಲ. ಡಿಪೋದ ಹಿಂಬದಿಯ ಶೆಡ್ಡಿನಲ್ಲಿ ಬಸ್ಸಿಗೆ ಪ್ರಯಾಣಿಕರನ್ನು ಹತ್ತಿಸುವ ಕೆಲಸ ನಡೆದಿದೆ. ಹತ್ತಿಸುವುದು ಎಂದರೆ ನಿಜಕ್ಕೂ ಹೆಗಲ ಮೇಲೆ ಹೊತ್ತು ಹತ್ತಿಸುವುದು. ಪ್ರತಿ ಸೀಟಿಗೂ ಒಂದೊಂದು ಮರಳಿನ ಮೂಟೆ. ಸೀಟುಗಳು ತುಂಬಿದ ಮೇಲೆ ನಡುವಿನ ಓಡಾಡುವ ಜಾಗದಲ್ಲೂ ಸಾಲಾಗಿ ಮೂಟೆಗಳು. ಅವು ಸೀಟು ಸಿಗದೆ ನಿಂತು ಬರುವವರು. ಐವತ್ತು ದಾಟಿದ, ಸಮವಸ್ತ್ರದ ತೋಳು ಮಡಚಿಕೊಂಡ ಒಬ್ಬರು ಒಂದೊಂದು ಮೂಟೆಯನ್ನೂ ತಟ್ಟಿ ನೋಡಿ, ಸೀಟಿನ ಕಂಬಿಗೆ ಹಗ್ಗ ಬಿಗಿದು ಮುಂದಿನದಕ್ಕೆ ಹೋಗುತ್ತಾರೆ. ಒಂದು ಮೂಟೆ ಪಕ್ಕದ್ದರ ಮೇಲೆ ವಾಲಿದೆ. "ನೆಟ್ಟಗೆ ಕೂತ್ಕೊಳ್ಳಪ್ಪ, ಪಕ್ಕದಲ್ಲಿ ಜನ ಇದ್ದಾರೆ," ಎಂದು ಅದನ್ನು ಎತ್ತಿ ಕೂರಿಸುತ್ತಾರೆ.

"ನೀವೂ ಬರ್ತೀರಾ ಸಾರ್?" ಎಂದು ನನ್ನನ್ನು ಮೇಲಿನಿಂದ ಕೆಳಗೆ ಅಳೆಯುತ್ತಾರೆ. ಆಮೇಲೆ ಕಿಟಕಿ ಪಕ್ಕದ ಒಂದು ಮೂಟೆಯ ಹಗ್ಗ ಬಿಚ್ಚಿ ಕೆಳಗಿಳಿಸಿ, "ಇವನ ಬದಲು ನೀವು ಕೂತ್ಕೊಳ್ಳಿ. ತೂಕ ಸರಿಹೋಗುತ್ತೆ. ಸ್ವಲ್ಪ ಜಾಸ್ತಿನೇ ಆಗ್ಬಹುದು," ಎನ್ನುತ್ತಾರೆ. ಹಿಂಬಾಗಿಲಲ್ಲಿ ಸೀಟಿ ಹಿಡಿದು ನಿಂತ ಕಂಡಕ್ಟರಮ್ಮ ಮುಖ ಆಚೆ ತಿರುಗಿಸಿ ನಗುತ್ತಾರೆ. ಇವರ ಬಗ್ಗೆ ಬರೆಯಲೆಂದು ಬಂದವನು ಹೀಗೆ ಮೂಟೆಯಾಗಿ ಕೆಲಸಕ್ಕೆ ಸೇರಿಕೊಳ್ಳುತ್ತೇನೆ.

ಡಿಪೋದಲ್ಲಿ ಇವರನ್ನು ಎಲ್ಲರೂ ಮೂಟೆ ಡ್ರೈವರ್ ಎಂದೇ ಕರೆಯುತ್ತಾರೆ. ಅವರಿಗೂ ಅದರ ಬಗ್ಗೆ ಬೇಸರವಿಲ್ಲ. ನಮ್ಮ ನಗರ ನಾಲ್ಕೂ ದಿಕ್ಕಿಗೆ ಕೈಕಾಲು ಚಾಚುತ್ತಿದೆ. ದಿನ ಬೆಳಗಾದರೆ ಒಂದು ಹೊಸ ಬಡಾವಣೆ, ಒಂದು ಮೇಲ್ಸೇತುವೆ, ಒಂದು ಅಡ್ಡರಸ್ತೆ. ಅಲ್ಲಿಗೆಲ್ಲ ಮೊದಲ ಬಸ್ಸು ಹೋಗುವುದು ಉದ್ಘಾಟನೆಯ ದಿನ, ಹಾರ ಹಾಕಿಕೊಂಡು ಎಂದು ನಾವು ತಿಳಿದಿದ್ದೇವೆ. ಸುಳ್ಳು. ಅದಕ್ಕೂ ಎಷ್ಟೋ ಮೊದಲೇ, ನಾವೆಲ್ಲ ಮುಸುಕೆಳೆದು ಮಲಗಿರುವ ಹೊತ್ತಿನಲ್ಲಿ, ಇವರು ಬಸ್ಸು ತುಂಬ ಮರಳು ಹೊತ್ತು ಹೋಗಿ ಬಂದಿರುತ್ತಾರೆ. ತುಂಬಿದ ಬಸ್ಸನ್ನು ರಸ್ತೆ ತಾಳುತ್ತದೆಯೇ, ತಿರುವಿನಲ್ಲಿ ಹಿಂದಿನ ಚಕ್ರ ಯಾರ ಮನೆಯ ಕಾಂಪೌಂಡು ಸವರುತ್ತದೆ, ಏರಿನ ನಡುವೆ ನಿಂತ ಬಸ್ಸು ಹಿಂದೆ ಜಾರದೆ ಮತ್ತೆ ಹೊರಡುತ್ತದೆಯೇ, ಎಲ್ಲ ನೋಡಿ ಕೊನೆಗೆ ಎರಡರಲ್ಲಿ ಒಂದು ಮಾತು ಹೇಳುತ್ತಾರೆ. ಒಂದೋ "ಬಸ್ ಬರಬಹುದು," ಇಲ್ಲವೇ "ಸದ್ಯಕ್ಕೆ ಬೇಡ." ಅಡ್ಡಗೋಡೆಯ ಮೇಲೆ ದೀಪ ಇಡುವ ಅಭ್ಯಾಸ ಅವರಿಗಿಲ್ಲ.

ಇವತ್ತು ಹೊರಟಿರುವುದು ಗುಡ್ಡದ ಮೇಲಿನ ಬಡಾವಣೆಗೆ. ಕಳೆದ ವರ್ಷ ಇದೇ ರಸ್ತೆಗೆ ಅವರು "ಸದ್ಯಕ್ಕೆ ಬೇಡ" ಎಂದಿದ್ದರು. ಆ ಬಡಾವಣೆಯ ಮೊದಲ ಸಾಲಿನಲ್ಲೇ ಅವರ ಒಡಹುಟ್ಟಿದ ತಂಗಿಯ ಮನೆ ಇದೆ. ಅವತ್ತು ಮಾತು ಬಿಟ್ಟ ತಂಗಿ ಇವತ್ತಿನವರೆಗೂ ಅಣ್ಣನ ಜೊತೆ ಒಂದಕ್ಷರ ಆಡಿಲ್ಲ. ಈಗ ರಸ್ತೆಯನ್ನು ಸರಿಮಾಡಿದ್ದಾರೆ, ಎರಡನೆಯ ಪರೀಕ್ಷೆಗೆ ಕರೆ ಬಂದಿದೆ. ರಾತ್ರಿ ನಿದ್ದೆ ಬಂತೇ ಎಂದು ಕೇಳುತ್ತೇನೆ. "ಮೂಟೆಗಳಿಗೆ ಬಂದಿರ್ಬೇಕು," ಎಂದು ಅವರು ಎಂಜಿನ್ ಚಾಲೂ ಮಾಡುತ್ತಾರೆ.

ಬಸ್ಸು ಖಾಲಿ ಮುಖ್ಯರಸ್ತೆಗೆ ಇಳಿಯುತ್ತದೆ. ಮೂರನೆಯ ಸಿಗ್ನಲ್ ಹತ್ತಿರ ಬಂದಾಗ ಅವರು ಗದ್ದ ಎತ್ತಿ ತೋರಿಸುತ್ತಾರೆ. ಅಲ್ಲೊಂದು ಓಣಿ ಇತ್ತಂತೆ. ಅಪ್ಪ ಅಮ್ಮ ಹೋದ ಮೇಲೆ ಇವರೇ ಮುಂದೆ ನಿಂತು ತಂಗಿಯನ್ನು ಮದುವೆ ಮಾಡಿಕೊಟ್ಟಿದ್ದು ಆ ಓಣಿಯ ಮನೆಗೆ. ರಸ್ತೆ ಅಗಲವಾಗಬೇಕಾಯಿತು, ಓಣಿ ಹೋಯಿತು. ಅಲ್ಲಿದ್ದವರಿಗೆಲ್ಲ ಗುಡ್ಡದ ಮೇಲೆ ಮನೆ ಕಟ್ಟಿಕೊಟ್ಟರು. "ಅವಳ ಒಲೆ ಇದ್ದ ಜಾಗದಲ್ಲೇ ಈಗ ಸಿಗ್ನಲ್ ಕಂಬ ನಿಂತಿದೆ ಸಾರ್. ಕೆಂಪು ದೀಪ ಬಿದ್ರೆ ಬಸ್ಸು ಅವಳ ಅಡುಗೆಮನೇಲಿ ನಿಲ್ಲುತ್ತೆ. ಏನ್ ಮಾಡೋದು, ರಸ್ತೆ ಅಗಲ ಆಗದೆ ಇದ್ರೆ ನಮ್ಮ ಬಸ್ಸೇ ಓಡ್ತಿರ್ಲಿಲ್ಲ. ಅದೂ ನಿಜ, ಇದೂ ನಿಜ."

ಗುಡ್ಡದ ಮೇಲಿನ ಮನೆ ಚೆನ್ನಾಗಿದೆ. ಗಾಳಿ ಬೆಳಕು ಧಾರಾಳ, ನಲ್ಲಿಯಲ್ಲಿ ನೀರು ಬರುತ್ತದೆ, ಗೋಡೆಗೆ ಒರಗಿದರೆ ಸುಣ್ಣ ಅಂಟುವುದಿಲ್ಲ. ಇದನ್ನೆಲ್ಲ ತಂಗಿಯೇ ಒಪ್ಪುತ್ತಾರೆ. ಇಲ್ಲದಿರುವುದು ಬಸ್ಸೊಂದೇ. ಆಕೆ ಆಸ್ಪತ್ರೆಯಲ್ಲಿ ಹಾಸಿಗೆ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿಯುತ್ತಾರೆ. ಬೆಳಗಿನ ಪಾಳಿಗೆ ಗುಡ್ಡ ಇಳಿಯಬೇಕು, ದಿನವಿಡೀ ನಿಂತು ಕೆಲಸ ಮಾಡಬೇಕು, ಸಂಜೆ ಅದೇ ಗುಡ್ಡ ಹತ್ತಬೇಕು. ಮಂಡಿನೋವು, ಬಂದ ನೆಂಟ ಹೋಗದೆ ಕೂತ ಹಾಗೆ, ಕೂತುಬಿಟ್ಟಿದೆ. "ಡಾಕ್ಟ್ರು ಮೆಟ್ಟಿಲು ಹತ್ತಬೇಡಿ ಅಂದ್ರು. ಹತ್ತದೆ ಮನೆಗೆ ಹಾರ್ಕೊಂಡು ಹೋಗ್ಲಾ ಅಂತ ಕೇಳ್ದೆ. ಅವರೂ ಯೋಚನೆ ಮಾಡಿದ್ರು ಪಾಪ," ಎಂದು ಆಕೆ ಆಮೇಲೆ ನನಗೆ ಹೇಳುತ್ತಾರೆ.

ಮೂಟೆ ಡ್ರೈವರ್ ಹುಟ್ಟಾ ಮೂಟೆ ಡ್ರೈವರ್ ಅಲ್ಲ. ಮೊದಲು ಎಲ್ಲರ ಹಾಗೆ ರೂಟಿನ ಬಸ್ಸು ಓಡಿಸುತ್ತಿದ್ದರು, ಡಿಪೋದಲ್ಲಿ ಕೈ ಪಳಗಿದವರೆಂದು ಹೆಸರಿತ್ತು. ಒಂದು ಮಳೆಗಾಲದಲ್ಲಿ ಹೊಸದಾಗಿ ತೆರೆದ ರಸ್ತೆಯೊಂದಕ್ಕೆ ಇವರನ್ನು ಕಳಿಸಿದರು. ನಕ್ಷೆಯಲ್ಲಿ ರಸ್ತೆ ಸರಿಯಾಗಿಯೇ ಇತ್ತು. ಆದರೆ ಮಗ್ಗುಲಿನ ಮಣ್ಣು ಇನ್ನೂ ಕೂತಿರಲಿಲ್ಲ. ತುಂಬಿದ ಬಸ್ಸಿನ ಭಾರಕ್ಕೆ ಅಂಚು ಕುಸಿದು ಒಂದು ಚಕ್ರ ಚರಂಡಿಯ ಮೇಲೆ ನೇತಾಡಿತು. ಯಾರಿಗೂ ಏನೂ ಆಗಲಿಲ್ಲ. ಎಲ್ಲರನ್ನೂ ಒಬ್ಬೊಬ್ಬರಾಗಿ ಇಳಿಸಿದ್ದಾಯಿತು. ಕೊನೆಗೆ ಇಳಿದ ಮುದುಕಿಯೊಬ್ಬರು ಇವರ ಕೈ ಹಿಡಿದು, "ಮಗಾ, ಈ ರಸ್ತೇಲಿ ನೀನು ಮೊದ್ಲು ಬಂದು ನೋಡಿರ್ಲಿಲ್ವಾ?" ಎಂದು ಕೇಳಿದರಂತೆ. "ಬೈದಿದ್ರೆ ಮರೀತಿದ್ದೆ ಸಾರ್. ಬೈಲಿಲ್ಲ, ಕೇಳಿದ್ರು ಅಷ್ಟೇ." ಮರುದಿನವೇ ಮ್ಯಾನೇಜರ ಮುಂದೆ ಹೋಗಿ ನಿಂತರು. ಇನ್ನು ಮುಂದೆ ಜನರಿಗಿಂತ ಮೊದಲು ಮರಳು ಹೋಗಲಿ ಎಂದರು. ಮ್ಯಾನೇಜರು ನಕ್ಕರು, ಆಮೇಲೆ ಯೋಚಿಸಿದರು, ಆಮೇಲೆ ಒಪ್ಪಿದರು. "ಹೇಳಿದವನೇ ಮಾಡು ಅಂದ್ರು. ಅಲ್ಲಿಗೆ ನನ್ನ ಕೊರಳಿಗೆ ಬಿತ್ತು."

ಈ ಕೆಲಸದಲ್ಲೊಂದು ವಿಚಿತ್ರವಿದೆ. ಪ್ರತಿ ರಸ್ತೆಯನ್ನೂ ಇವರು ಮೂರು ಸಲ ಓಡಿಸುತ್ತಾರೆ, ಮೂರು ಸಲವೂ ಬೇರೆ ಬೇರೆ ಡ್ರೈವರ್ ಆಗಿ. ಮೊದಲ ಸಲ ತಾವು ತಾವಾಗಿಯೇ. ಎರಡನೆಯ ಸಲ ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹೊಸಬನಾಗಿ: ತಡವಾಗಿ ತಿರುಗಿಸುತ್ತಾರೆ, ಬೇಡದ ಕಡೆ ಬ್ರೇಕು ಒತ್ತುತ್ತಾರೆ. ಮೂರನೆಯ ಸಲ, ಅವರದೇ ಮಾತಿನಲ್ಲಿ, ಮನೆಯಲ್ಲಿ ಜಗಳ ಆಡಿಕೊಂಡು ಬಂದವನಾಗಿ. ಆಗ ರಸ್ತೆಗೆ ನೀರು ಹೊಡೆಸಿ ಒದ್ದೆ ಮಾಡಿರುತ್ತಾರೆ. ಮೂರರಲ್ಲಿ ಯಾವುದಾದರೂ ಒಂದರಲ್ಲಿ ಚಕ್ರ ಅಂಚಿಗೆ ತಾಗಿದರೂ ಉತ್ತರ "ಸದ್ಯಕ್ಕೆ ಬೇಡ" ಎಂದೇ. "ನಾನು ತಿರುಗಿಸಿದ್ರೆ ಏನು ಬಂತು ಸಾರ್? ನಾನು ಹತ್ತಿರ ಹತ್ತಿರ ಮೂವತ್ತು ವರ್ಷದಿಂದ ತಿರುಗಿಸ್ತಾ ಇದ್ದೀನಿ. ನಾಳೆ ಬರೋನು ನಾನಲ್ಲ. ಅವನಿಗೆ ಹಲ್ಲುನೋವು ಇರ್ಬಹುದು, ಮಗೂಗೆ ಜ್ವರ ಇರ್ಬಹುದು. ಅವನ ಕೈಲೂ ತಿರುಗಿದ್ರೆ ಅದು ರಸ್ತೆ. ಅದಕ್ಕೆ ನನ್ನ ಕೆಲಸ ಏನಪ್ಪಾ ಅಂದ್ರೆ, ಕೆಟ್ಟದಾಗಿ ಓಡಿಸೋದು."

"ಮೂರನೇ ಸಲಕ್ಕೆ ಇವರು ಆಕ್ಟಿಂಗ್ ಮಾಡೋದೇನೂ ಬೇಕಿಲ್ಲ. ಮನೆಯಿಂದಾನೇ ತಯಾರಾಗಿ ಬಂದಿರ್ತಾರೆ," ಎಂದು ಹಿಂದಿನಿಂದ ಕಂಡಕ್ಟರಮ್ಮನ ದನಿ ಬರುತ್ತದೆ. ಈಕೆಯ ಕೆಲಸ ಬಸ್ಸಿನ ಹಿಂಭಾಗವನ್ನು ಕಾಯುವುದು. ತಿರುವಿನಲ್ಲಿ ಬಾಗಿಲಿನಿಂದ ಬಗ್ಗಿ ನೋಡುತ್ತಿರುತ್ತಾರೆ. ಏನಾದರೂ ತಾಗುವುದರಲ್ಲಿದ್ದರೆ ಒಂದು ಸೀಟಿ. ಆ ಸೀಟಿ ಕೇಳಿಸಿದ ಕ್ಷಣ ಬಸ್ಸು ಕಲ್ಲಾಗಬೇಕು. "ಇವರನ್ನ ಗುರುಗಳೇ ಅಂತ ಕರೀತೀನಿ. ಬೇರೆ ರೂಟಲ್ಲಿ ಇದ್ದಾಗ ಪ್ಯಾಸೆಂಜರ್ ಜೊತೆ ಜಗಳ ಆಡಿ ಆಡಿ ಗಂಟಲು ಹೋಗಿತ್ತು. ಮೂಟೆಗಳು ಬಂಗಾರದಂಥ ಪ್ಯಾಸೆಂಜರು. ಮುಂದೆ ಹೋಗಿ ಅನ್ನೋದೇ ಬೇಡ."

ಕಳೆದ ವರ್ಷ ನಡೆದದ್ದು ಇಷ್ಟು. ಗುಡ್ಡದ ರಸ್ತೆ ನಡುದಾರಿಯಲ್ಲಿ ಒಮ್ಮೆಲೇ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಒಳಬದಿಯಲ್ಲಿ ತಡೆಗೋಡೆ ಮತ್ತು ವಿದ್ಯುತ್ ಕಂಬ. ಹೊರಬದಿಯಲ್ಲಿ ನಡೆದು ಹೋಗುವವರು ಹತ್ತಿ ಇಳಿಯುವ ಮೆಟ್ಟಿಲ ಸಾಲು. ತಂಗಿ ಬಡಾವಣೆಗೆಲ್ಲ ಹೇಳಿಕೊಂಡು ಬಂದಿದ್ದರು, ಪರೀಕ್ಷೆಗೆ ಬರುವವನು ನಮ್ಮಣ್ಣನೇ, ಬಸ್ಸು ಬಂದ ಹಾಗೇ ಲೆಕ್ಕ ಎಂದು. ಮೊದಲ ಸಲ ಇವರು ಇವರಾಗಿ ಓಡಿಸಿದಾಗ ಬಸ್ಸು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ತಿರುಗಿತು. ಜನ ಚಪ್ಪಾಳೆ ತಟ್ಟಿದರು. ಎರಡನೆಯ ಸಲ ಹೊಸಬನಾಗಿ ತಿರುಗಿಸಿದಾಗ ಬಸ್ಸು ನಡುವೆ ಸಿಕ್ಕಿಕೊಂಡಿತು, ಹಿಂದೆ ತೆಗೆಯಬೇಕಾಯಿತು, ಬಸ್ಸಿನ ಬಾಲ ಅಂಚು ದಾಟಿ ಮೆಟ್ಟಿಲುಗಳ ಮೇಲೆ ಬೀಸಿತು. ಮೆಟ್ಟಿಲ ಮೇಲೆ ಆಗ ಯಾರೂ ಇರಲಿಲ್ಲ. ಇವರು ಬಸ್ಸಿಂದ ಇಳಿದು "ಸದ್ಯಕ್ಕೆ ಬೇಡ" ಎಂದರು.

ಜನ ಮುತ್ತಿಕೊಂಡರು. ಮೊದಲ ಸಲ ತಿರುಗಿತಲ್ಲ, ಇನ್ನೇನು ರೋಗ ಎಂದರು. ಸಾರಿಗೆ ಸಂಸ್ಥೆಯವರೇ ಬಸ್ಸು ಕೊಡುತ್ತೇವೆಂದಾಗ ಇವರದೇನು ನಡುವೆ, ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಎಂದರು. ತಂಗಿ ಮಾತ್ರ ಜೋರು ಮಾಡಲಿಲ್ಲ. ಹತ್ತಿರ ಬಂದು, "ಊರಿಗೆ ಉಪಕಾರಿ, ಮನೆಗೆ ಮಾರಿ," ಎಂದು ಒಂದೇ ಮಾತು ಹೇಳಿ ಮೆಟ್ಟಿಲು ಹತ್ತಿಕೊಂಡು ಹೋದರು. ಅಣ್ಣ ಅದನ್ನು ಹೇಳುವಾಗ ಕನ್ನಡಿ ಸರಿಮಾಡುವ ನೆಪದಲ್ಲಿ ಮುಖ ಆಚೆ ಮಾಡುತ್ತಾರೆ. "ಆ ಮೆಟ್ಟಿಲಲ್ಲಿ ಬೆಳಿಗ್ಗೆ ಮೊದ್ಲು ಇಳಿಯೋಳು ಅವಳೇ ಸಾರ್. ಬಸ್ಸಿನ ಬಾಲ ಹೊಡೆದ್ರೆ ಮೊದ್ಲು ಹೊಡೆಯೋದು ಅವಳನ್ನೇ. ಅದನ್ನ ಹೇಳೋಕೆ ಬಾಯಿ ಬರ್ಲಿಲ್ಲ. ಹೇಳಿದ್ರೆ ತಂಗಿಗೋಸ್ಕರ ಬೇಡ ಅಂದ ಅಂತ ಆಗುತ್ತೆ. ಬೇರೆ ಯಾರು ಇಳೀತಿದ್ರೂ ನಾನು ಬೇಡ ಅಂತಾನೇ ಅಂತಿದ್ದೆ."

ಆಮೇಲಿನ ಸಂಸಾರದ ಸಮಾಚಾರವನ್ನು ಅವರ ಹೆಂಡತಿಯ ಬಾಯಲ್ಲೇ ಕೇಳಬೇಕು. ನಾದಿನಿ ದಿನವೂ ಫೋನು ಮಾಡುತ್ತಾರೆ, ಮಾಡುವುದು ಅತ್ತಿಗೆಗೆ. ಅಣ್ಣ ಪಕ್ಕದಲ್ಲೇ ಕೂತಿದ್ದಾರೆಂದು ಗೊತ್ತಿದ್ದೂ, "ನಿಮ್ಮನೆಯವರಿಗೆ ಹೇಳಿ ಅತ್ತಿಗೆ, ಬಿಪಿ ಮಾತ್ರೆ ತಪ್ಪಿಸಬೇಡ ಅಂತ," ಎನ್ನುತ್ತಾರೆ. ಅಣ್ಣ ಗೋಡೆಗೆ ಹೇಳಿದ ಹಾಗೆ, "ತಗೊಂಡೆ ಅಂತ ಹೇಳು," ಎನ್ನುತ್ತಾರೆ. "ಅವರಿಬ್ಬರ ಮಧ್ಯೆ ನಾನೇ ಕಂಡಕ್ಟರ್. ಈ ಕಡೆಯಿಂದ ಆ ಕಡೆಗೆ ಟಿಕೆಟ್ ಹರೀತಾ ಇದ್ದೀನಿ," ಎಂದು ಅತ್ತಿಗೆ ನಗುತ್ತಾರೆ.

ಬಸ್ಸು ಗುಡ್ಡದ ಬುಡಕ್ಕೆ ಬರುವಷ್ಟರಲ್ಲಿ ಬೆಳಕು ಹರಿದಿದೆ. ರಸ್ತೆಯ ಹೊಣೆ ಹೊತ್ತ ಎಂಜಿನಿಯರ್ ಮೇಡಂ ತಿರುವಿನಲ್ಲಿ ನಿಂತು ಕಾಯುತ್ತಿದ್ದಾರೆ. ಚಿಕ್ಕ ವಯಸ್ಸು, ಬೂಟಿನ ತುಂಬ ಧೂಳು. ಕಳೆದ ವರ್ಷ "ಬೇಡ" ಎಂದಾಗ ಅವರು ಸಿಟ್ಟು ಮಾಡಿಕೊಳ್ಳಲಿಲ್ಲ, ಇನ್ನೇನು ಮಾಡಿದರೆ ಆಗುತ್ತದೆ ಎಂದು ಮಾತ್ರ ಕೇಳಿದರಂತೆ. ತಡೆಗೋಡೆಯನ್ನು ಹಿಂದಕ್ಕೆ ಸರಿಸಿದ್ದಾರೆ. ಕಂಬ ತೆಗೆಸಲು ಯಾವ ಯಾವ ಕಚೇರಿಯ ಬಾಗಿಲು ಸವೆಸಿದರೋ, ಅಂತೂ ಕಂಬ ಈಗ ಆಚೆ ಹೋಗಿದೆ. ಮೆಟ್ಟಿಲುಗಳನ್ನು ತಿರುವಿನಿಂದ ದೂರಕ್ಕೆ ಹೊಸದಾಗಿ ಕಟ್ಟಿಸಿ, ಹಳೆಯ ಜಾಗಕ್ಕೆ ಕಂಬಿ ಹಾಕಿಸಿದ್ದಾರೆ. "ಈ ಸಲಾನೂ ಆಗ್ಲಿಲ್ಲ ಅಂದ್ರೆ ಗುಡ್ಡಾನೇ ತೆಗೆಸ್ಬೇಕು," ಎನ್ನುತ್ತಾರೆ ಮೇಡಂ. ನಗುತ್ತಲೇ ಹೇಳಿದರೂ ಅವರ ಕಣ್ಣು ಮಾತ್ರ ಬಸ್ಸಿನ ಚಕ್ರಗಳ ಮೇಲೇ ಇದೆ.

ಮೇಲೆ ಬಡಾವಣೆಯ ಅಂಚಿನಲ್ಲಿ ಜನ ಸಾಲುಗಟ್ಟಿದ್ದಾರೆ. ಈ ಸಲ ಚಪ್ಪಾಳೆಯಿಲ್ಲ, ಮಾತೂ ಇಲ್ಲ. ಬಿಸಿ ಮುಟ್ಟಿದ ಬೆಕ್ಕಿನ ಹಾಗೆ ದೂರದಲ್ಲೇ ನಿಂತಿದ್ದಾರೆ. ಕೆಲಸಕ್ಕೆ ಹೊರಟ ಕೈಚೀಲ ಹೆಗಲಿಗೇರಿಸಿ, ಒಂದು ಕೈಯಲ್ಲಿ ಕಂಬಿ ಹಿಡಿದು ನಿಂತ ಹೆಂಗಸನ್ನು ಯಾರೂ ತೋರಿಸಬೇಕಾಗಿಲ್ಲ. ಅಣ್ಣನದೇ ಹುಬ್ಬು, ಅಣ್ಣನದೇ ಬಿಗಿದ ತುಟಿ.

ಮೊದಲ ಸಲ ಬಸ್ಸು ಏರು ಹತ್ತಿ ತಿರುವಿಗೆ ಬಂದು ಒಂದೇ ಎಳೆತಕ್ಕೆ ತಿರುಗಿ ಮೇಲೆ ಹೋಗುತ್ತದೆ. ಯಾರೂ ಕದಲುವುದಿಲ್ಲ. ಇದು ಮೊದಲೂ ಆಗಿತ್ತು, ಎಲ್ಲರಿಗೂ ನೆನಪಿದೆ. ಬಸ್ಸು ಕೆಳಗಿಳಿದು ಮತ್ತೆ ಬುಡದಲ್ಲಿ ನಿಲ್ಲುತ್ತದೆ. ಮೂಟೆ ಡ್ರೈವರ್ ಸೀಟನ್ನು ಬೇಕೆಂದೇ ಒಂದಿಷ್ಟು ಹಿಂದಕ್ಕೆ ತಳ್ಳುತ್ತಾರೆ, ಸ್ಟೀರಿಂಗ್ ಮೇಲೆ ಕೈಗಳನ್ನು ಹತ್ತಿರ ಹತ್ತಿರ ಇಡುತ್ತಾರೆ. ನೋಡನೋಡುತ್ತಿದ್ದಂತೆ ಅವರ ಹೆಗಲು ಗಟ್ಟಿಯಾಗುತ್ತದೆ, ಕುತ್ತಿಗೆ ಮುಂದೆ ಬರುತ್ತದೆ. ಮೂವತ್ತು ವರ್ಷದ ಅನುಭವವನ್ನು ಅಂಗಿ ಕಳಚಿದ ಹಾಗೆ ಕಳಚಿಟ್ಟ ಈ ಮನುಷ್ಯನ ಬಸ್ಸಿನಲ್ಲಿ ಕೂರಲು ನನಗೆ ನಿಜವಾಗಿಯೂ ಭಯವಾಗುತ್ತದೆ. ಪಕ್ಕದ ಮೂಟೆಯನ್ನು ಹಿಡಿದುಕೊಳ್ಳುತ್ತೇನೆ.

ಬಸ್ಸು ತಿರುವಿಗೆ ಹೆಚ್ಚು ವೇಗದಲ್ಲೇ ಬರುತ್ತದೆ. ತಿರುಗಿಸುವುದು ತಡವಾಗುತ್ತದೆ. ಮುಂಭಾಗ ಹೊರಬದಿಯ ಕಂಬಿಯ ಹತ್ತಿರ ಹೋಗಿ, ನಿಧಾನವಾಗಿ ಒಳಗೆ ಬರುತ್ತದೆ. ಅರ್ಧ ತಿರುಗಿದೆ. ಮುಕ್ಕಾಲು ತಿರುಗಿದೆ. ಅಷ್ಟರಲ್ಲಿ ಹಿಂದಿನಿಂದ ಸೀಟಿ. ಬಸ್ಸು ಗಕ್ಕನೆ ನಿಲ್ಲುತ್ತದೆ, ಮೂಟೆಗಳೆಲ್ಲ ಒಟ್ಟಿಗೆ ಮುಂದೆ ಬಾಗಿ ಹಿಂದೆ ಒರಗುತ್ತವೆ.

ಅವರು ಇಳಿದು ಹಿಂದಕ್ಕೆ ಹೋಗುತ್ತಾರೆ. ಒಳಬದಿಯ ಹಿಂದಿನ ಚಕ್ರ ಒಂದು ಕಲ್ಲಿಗೆ ತಾಗಿ ನಿಂತಿದೆ. ಒಬ್ಬರಿಂದ ಎತ್ತಲಾಗದಷ್ಟು ದೊಡ್ಡ ಚಪ್ಪಡಿ ಕಲ್ಲು. ಎಂಜಿನಿಯರ್ ಮೇಡಂ ಓಡಿ ಬರುತ್ತಾರೆ, ಬಗ್ಗಿ ನೋಡುತ್ತಾರೆ, ಹಣೆ ಚಚ್ಚಿಕೊಳ್ಳುತ್ತಾರೆ. ಹೊಸ ಮೆಟ್ಟಿಲಿಗೆಂದು ತಂದ ಕಲ್ಲಿನಲ್ಲಿ ಒಂದು ಮಿಕ್ಕಿತ್ತು, ಕೆಲಸದವರು ನಿನ್ನೆ ಅದನ್ನು ಅಲ್ಲೇ ಅಂಚಿನಲ್ಲಿ ಬಿಟ್ಟು ಹೋಗಿದ್ದಾರೆ. "ಇದು ರಸ್ತೆಯದಲ್ಲ, ಇಲ್ಲಿ ಇರ್ಲೇಬಾರ್ದು," ಎನ್ನುತ್ತಾರೆ. ಮೂಟೆ ಡ್ರೈವರ್ ಕುಕ್ಕರಗಾಲಲ್ಲಿ ಕೂತು ಕಲ್ಲನ್ನೂ ಚಕ್ರವನ್ನೂ ನೋಡುತ್ತಿರುತ್ತಾರೆ. ತಾಗಿದ್ದು ತಾಗಿದ್ದೇ ಎಂದು ಅವರು ಹೇಳಿಬಿಟ್ಟರೆ ಇನ್ನೆಷ್ಟು ತಿಂಗಳೋ.

ಆಗ ಮೇಲಿನಿಂದ ಹೆಜ್ಜೆಯ ಸದ್ದು. ತಂಗಿ ಒಂದೊಂದೇ ಮೆಟ್ಟಿಲು ಇಳಿದು, ನೋಯುವ ಕಾಲನ್ನು ಎಳೆದುಕೊಂಡು ಬಂದು ಕಲ್ಲಿನ ಈಚೆ ನಿಲ್ಲುತ್ತಾರೆ. ಒಂದು ವರ್ಷದ ಮೇಲೆ ಅಣ್ಣನ ಮುಖ ನೋಡಿ ಮಾತಾಡುತ್ತಾರೆ.

"ಏನು, ಈ ಕಲ್ಲಿಗೂ ಬೇಡ ಅಂತೀಯಾ?"

ಅಣ್ಣ ತಲೆಯೆತ್ತುತ್ತಾರೆ. "ಕಲ್ಲು ಇದ್ರೆ ಬೇಡಾನೇ."

"ಇಲ್ದಿದ್ರೆ?"

"ಇಲ್ದಿದ್ರೆ ಇನ್ನೊಂದ್ಸಲ ನೋಡ್ತೀನಿ. ಹೊಸಬನಾಗೇ ನೋಡ್ತೀನಿ. ನನ್ನ ಕೈಚಳಕ ಏನೂ ತೋರಿಸಲ್ಲ."

"ನಿನ್ನ ಕೈಚಳಕ ಯಾರಿಗೆ ಬೇಕಾಗಿದೆ," ಎಂದು ತಂಗಿ ಕೈಚೀಲವನ್ನು ಎಂಜಿನಿಯರ್ ಮೇಡಂ ಕೈಗೆ ಕೊಟ್ಟು ಕಲ್ಲಿಗೆ ಕೈ ಹಾಕುತ್ತಾರೆ. ಅಷ್ಟೇ ಸಾಕಾಗುತ್ತದೆ. ಮೇಲೆ ನಿಂತ ಜನ ದಬದಬ ಇಳಿದು ಬರುತ್ತಾರೆ. ಹತ್ತು ಕೈ ಸೇರಿ ಕಲ್ಲು ಉರುಳುತ್ತದೆ, ರಸ್ತೆಯಿಂದ ದೂರ ಹೋಗಿ ಬೀಳುತ್ತದೆ. ಯಾರೋ ಒಬ್ಬರು ರಸ್ತೆಯ ಅಂಚನ್ನು ಪೊರಕೆ ಹಿಡಿದು ಗುಡಿಸಿಯೇ ಬಿಡುತ್ತಾರೆ. "ಗುಡಿಸ್ಬೇಡಿ, ಗುಡಿಸ್ಬೇಡಿ. ದಿನಾ ಇರೋ ಹಾಗೆ ಇರ್ಲಿ," ಎಂದು ಮೂಟೆ ಡ್ರೈವರ್ ಕೂಗುತ್ತಾರೆ. ಪರೀಕ್ಷೆ ಎಂದರೆ ಪರೀಕ್ಷೆ.

ಬಸ್ಸು ಮತ್ತೆ ಬುಡಕ್ಕೆ ಹೋಗುತ್ತದೆ. ಮತ್ತೆ ಅದೇ ಗಟ್ಟಿ ಹೆಗಲು, ಅದೇ ತಡವಾದ ತಿರುವು. ಎಲ್ಲರ ಕಿವಿಯೂ ಸೀಟಿಯ ಮೇಲಿದೆ. ಸೀಟಿ ಊದುವುದಿಲ್ಲ. ಆಮೇಲೆ ಟ್ಯಾಂಕರಿನಿಂದ ನೀರು ಹೊಡೆದು ರಸ್ತೆ ಒದ್ದೆ ಮಾಡುತ್ತಾರೆ. ಮೂರನೆಯ ಸಲ, ಮನೆಯಲ್ಲಿ ಜಗಳ ಆಡಿಕೊಂಡು ಬಂದವನು ಏರಿನ ಮಧ್ಯದಲ್ಲಿ ಸುಮ್ಮಸುಮ್ಮನೆ ಬ್ರೇಕು ಒತ್ತಿ ನಿಲ್ಲುತ್ತಾನೆ, ಹಿಂದೆ ಜಾರದೆ ಹೊರಡುತ್ತಾನೆ, ತಿರುವಿನಲ್ಲಿ ಬೇರೆಲ್ಲೋ ನೋಡುತ್ತಾ ಸ್ಟೀರಿಂಗ್ ಎಳೆಯುತ್ತಾನೆ. ಒದ್ದೆ ರಸ್ತೆಯಲ್ಲಿ ಬಸ್ಸು ತಿರುಗುತ್ತದೆ. ಬಾಲ ಬೀಸುತ್ತದೆ, ಕಂಬಿಗಿಂತ ಬಹಳ ಈಚೆ. ಸೀಟಿ ಊದುವುದಿಲ್ಲ. ಕಂಡಕ್ಟರಮ್ಮ ಸೀಟಿಯನ್ನು ಬಾಯಿಂದ ತೆಗೆದು ದೊಡ್ಡದೊಂದು ಉಸಿರು ಬಿಡುತ್ತಾರೆ. ನನಗೂ ಹೋದ ಜೀವ ಬಂದ ಹಾಗಾಗುತ್ತದೆ.

ಬಡಾವಣೆಯ ಮುಂದಿನ ಬಯಲಿನಲ್ಲಿ ಬಸ್ಸು ನಿಲ್ಲಿಸಿ ಅವರು ಇಳಿಯುತ್ತಾರೆ. ಅಂಗಿಯ ಬೆನ್ನು ಪೂರ್ತಿ ಒದ್ದೆ. ಮೇಡಂ ಕಡೆ ತಿರುಗಿ, ಎಲ್ಲ ಕಡೆ ಹೇಳುವ ಹಾಗೇ, ಜೋರಾಗಿಯೂ ಅಲ್ಲ ಮೆಲ್ಲಗೂ ಅಲ್ಲ, "ಬಸ್ ಬರಬಹುದು," ಎನ್ನುತ್ತಾರೆ. ಮೇಡಂ ಅಲ್ಲೇ ಕಟ್ಟೆಯ ಮೇಲೆ ಕುಸಿದು ಕೂತು ಮುಖ ಒರೆಸಿಕೊಳ್ಳುತ್ತಾರೆ. ಅಳುವೋ ನಗುವೋ ಹೇಳುವುದು ಕಷ್ಟ. ಜನ ಈಗ ಚಪ್ಪಾಳೆ ತಟ್ಟುತ್ತಾರೆ. ವಯಸ್ಸಾದವರೊಬ್ಬರು ಮುಂದೆ ಬಂದು, "ಹೋದ ವರ್ಷ ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದಿದ್ದೆ," ಎನ್ನುತ್ತಾರೆ. "ಕೇಳಿಸ್ಕೊಂಡಿದ್ದೆ," ಎಂದು ಇವರು ಅವರ ಕೈ ಹಿಡಿದು ಅಲ್ಲಾಡಿಸುತ್ತಾರೆ.

ತಂಗಿ ಮಾತ್ರ ಚೀಲ ಹೆಗಲಿಗೇರಿಸಿ ಹೊರಟಿದ್ದಾರೆ, ಪಾಳಿಗೆ ಹೊತ್ತಾಗಿದೆ. ಬಸ್ಸು ಕೆಳಗೇ ಹೋಗುತ್ತದಲ್ಲ, ಹತ್ತಿಸಿಕೊಂಡು ಹೋಗಬಹುದಲ್ಲ ಎಂದು ನಾನು ಬಾಯಿ ಹಾಕುತ್ತೇನೆ. ಅಣ್ಣ ತಲೆ ಕೆರೆದುಕೊಳ್ಳುತ್ತಾರೆ. ಪರೀಕ್ಷೆಯ ಬಸ್ಸಿಗೆ ಜನ ಹತ್ತುವಂತಿಲ್ಲ, ನಾನು ಹತ್ತಿದ್ದು ಮೇಲಿನವರ ಅನುಮತಿಯಿಂದ. "ಇವನನ್ನ ಕೇಳ್ಬೇಡಿ, ಇವನು ನಾಳೆ ಯಮ ಬಂದ್ರೂ ರೂಲ್ಸ್ ಕೇಳ್ತಾನೆ," ಎಂದು ತಂಗಿ ನಗುತ್ತಾರೆ. "ಇಷ್ಟು ದಿನ ನಡೆದಿದ್ದೀನಿ, ಇನ್ನೊಂದು ವಾರ ನಡೆಯೋಕಾಗಲ್ವಾ?" ಎರಡು ಹೆಜ್ಜೆ ಹೋಗಿ ನಿಂತು, ಹಿಂದೆ ತಿರುಗದೆ, "ಅಣ್ಣ, ಬಸ್ಸು ಶುರು ಆದ ಭಾನುವಾರ ಊಟಕ್ಕೆ ಬಾ. ಅತ್ತಿಗೆಗೆ ನಾನು ಹೇಳಲ್ಲ, ನೀನೇ ಹೇಳು," ಎನ್ನುತ್ತಾರೆ. ಅವರು ಮೆಟ್ಟಿಲು ಇಳಿದು ಕಣ್ಮರೆಯಾಗುವವರೆಗೂ ಅಣ್ಣ ಅಲ್ಲೇ ನಿಂತಿರುತ್ತಾರೆ. ಸುಖ ಎಂಬುದು ಮನುಷ್ಯನ ಮುಖದಲ್ಲಿ ಇಷ್ಟು ಸ್ಪಷ್ಟವಾಗಿ ಕಾಣುವುದು ಅಪರೂಪ.

ಡಿಪೋಗೆ ಮರಳಿ ಮೂಟೆಗಳ ಹಗ್ಗ ಬಿಚ್ಚುವಾಗ ಕೇಳುತ್ತೇನೆ, ಉದ್ಘಾಟನೆಯ ದಿನ ನೀವೇ ಓಡಿಸುತ್ತೀರಾ ಎಂದು. ಇಲ್ಲವಂತೆ. ಅವತ್ತು ಅವರು ಇನ್ನೊಂದು ರಸ್ತೆಯಲ್ಲಿ ಇರುತ್ತಾರೆ. ಈವರೆಗೆ "ಬರಬಹುದು" ಎಂದ ಯಾವ ರಸ್ತೆಯಲ್ಲೂ ಅವರು ಮತ್ತೆ ಹೋಗಿದ್ದಿಲ್ಲ. ಹಾಗಾದರೆ ಆಸೆ ಅಂತ ಏನೂ ಇಲ್ಲವೇ? ಮೂಟೆಯೊಂದನ್ನು ಹೆಗಲಿಂದ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಒಂದಿದೆ. ಡ್ರೈವರ್ ಆದವನಿಗೆ ಇನ್ನೊಬ್ಬರ ಬಸ್ಸಲ್ಲಿ ಕೂತ್ರೆ ನಿದ್ದೆ ಬರಲ್ಲ ಸಾರ್. ಪ್ರತಿ ತಿರುವಿಗೂ ಎಚ್ಚರ ಆಗುತ್ತೆ, ಕಾಲು ತಾನಾಗೇ ಬ್ರೇಕ್ ಹುಡುಕುತ್ತೆ. ಭಾನುವಾರ ತಂಗಿ ಮನೆಗೆ ಹೋಗೋವಾಗ ಹಿಂದಿನ ಸೀಟಲ್ಲಿ ಕೂತು ನಿದ್ದೆ ಹೊಡೀಬೇಕು. ಆ ತಿರುವು ಬಂದಾಗ ನಂಗೆ ಎಚ್ಚರ ಆಗ್ಬಾರ್ದು."

ಭಾನುವಾರ ನಾನೂ ಅದೇ ಬಸ್ಸು ಹತ್ತುತ್ತೇನೆ. ಸೀಟುಗಳ ತುಂಬ ಜನ, ನಿಂತವರೂ ಇದ್ದಾರೆ. ಸ್ಟೀರಿಂಗ್ ಹಿಡಿದವನು ಮೀಸೆ ಇನ್ನೂ ಸರಿಯಾಗಿ ಬಲಿಯದ ಹೊಸ ಡ್ರೈವರ್. ಕೊನೆಯ ಸಾಲಿನಲ್ಲಿ ಹೆಂಡತಿಯ ಪಕ್ಕ, ಇಸ್ತ್ರಿ ಮಾಡಿದ ಅಂಗಿ ತೊಟ್ಟ ಮೂಟೆ ಡ್ರೈವರ್ ಗಾಜಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಾರೆ. ಗುಡ್ಡದ ಬುಡ ಬರುತ್ತದೆ. ಏರು ಶುರುವಾಗುತ್ತದೆ. ನಾನು ಎದುರಿನ ಸೀಟಿನಿಂದ ಅವರ ಬಲಗಾಲನ್ನೇ ನೋಡುತ್ತಿದ್ದೇನೆ. ತಿರುವು ಬರುತ್ತದೆ, ಹುಡುಗ ತುಸು ತಡವಾಗಿಯೇ ತಿರುಗಿಸುತ್ತಾನೆ, ನಿಂತವರು ಒಂದು ಪಕ್ಕಕ್ಕೆ ವಾಲಿ ಮತ್ತೆ ನೆಟ್ಟಗಾಗುತ್ತಾರೆ. ಯಾರೂ ಮಾತು ನಿಲ್ಲಿಸುವುದಿಲ್ಲ. ಆ ಕಾಲು ಅಲುಗುವುದಿಲ್ಲ.

ಕೊನೆಯ ನಿಲ್ದಾಣದಲ್ಲಿ ತಂಗಿ ಹೊರಗಿನಿಂದ ಕಿಟಕಿ ತಟ್ಟುತ್ತಾರೆ. "ಏಳು ಅಣ್ಣ, ಮನೆ ಬಂತು." ಅವರು ಧಡಕ್ಕನೆ ಕಣ್ಣು ಬಿಟ್ಟು ತಂಗಿಯನ್ನು ನೋಡುತ್ತಾರೆ, ಆಮೇಲೆ ನನ್ನನ್ನು.

"ತಿರುವು?"

"ಬಂದು ಹೋಯ್ತು."

ಅವರು ಎದ್ದು, ಕಿಟಕಿಯಿಂದ ಒಮ್ಮೆ ಕೆಳಗಿನ ರಸ್ತೆಯ ಕಡೆ ಬಗ್ಗಿ ನೋಡುತ್ತಾರೆ. "ಗೊತ್ತೇ ಆಗ್ಲಿಲ್ಲ ನೋಡಿ," ಎನ್ನುತ್ತಾ ಎಲ್ಲರ ಹಿಂದೆ ಸಾಲಿನಲ್ಲಿ ನಿಂತು, ಸರದಿ ಬಂದಾಗ ಇಳಿಯುತ್ತಾರೆ.